ಮಣೆಯ ಮೇಲೆ ನಿಂತ ಸಂಸಾರ

ತಪಾಸಣೆಗೆ ಬಂದವರಿಗೆ ಕಾಫಿ ಕೊಡುವುದು ಮರ್ಯಾದೆಗಾಗಿ ಎಂದು ನಂಬಿರುವವರು ಜನ್ಮದಲ್ಲಿ ತಪಾಸಣೆಯ ಕೆಲಸ ಮಾಡಿದವರಲ್ಲ. ನಾನು ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕನಾಗಿದ್ದವನು. ಹೆಸರು ಕೇಳಿ ನಾನೇನೋ ವೇದಿಕೆ ಹತ್ತಿ ಕುಣಿಯುತ್ತಿದ್ದೆ ಎಂದುಕೊಳ್ಳಬೇಡಿ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಗಳಲ್ಲಿ ರೈತರ ಹುಳುಮನೆಗಳಿಗೆ ಹೋಗಿ, ಹುಳು ಆರೋಗ್ಯವಾಗಿದೆಯೇ, ಹುಳು ಸಾಕುವ ತಟ್ಟೆಗಳಿಗೆ ಸುಣ್ಣ ಉದುರಿಸಿದ್ದಾರೆಯೇ, ಕೈಕಾಲು ತೊಳೆದು ಒಳಗೆ ಹೋಗುತ್ತಾರೆಯೇ ಎಂದು ನೋಡಿ, ಇಲ್ಲದಿದ್ದರೆ ಬೈದು ಬರುವುದು ನನ್ನ ಉದ್ಯೋಗ. ಮೂವತ್ತು ವರ್ಷ ಅದನ್ನೇ ಮಾಡಿದೆ. ಆ ಮೂವತ್ತು ವರ್ಷದಲ್ಲಿ ಕುಡಿದ ಕಾಫಿಯಲ್ಲಿ ಮುಕ್ಕಾಲು ಪಾಲು ನನ್ನನ್ನು ಹೊರಗಿನ ಜಗಲಿಯಲ್ಲೇ ಕೂರಿಸಿಕೊಳ್ಳುವುದಕ್ಕೆ ಕೊಟ್ಟದ್ದು. ನಾನು ಇಲ್ಲಿ ಲೋಟದ ಕಾಫಿ ಆರಿಸುತ್ತಾ ಕೂತಿದ್ದರೆ ಒಳಗಡೆ ತಟ್ಟೆಗಳು ಜರುಗುವ ಸದ್ದು ಕೇಳುತ್ತಿತ್ತು. ಕಾಯಿಲೆ ಬಿದ್ದ ಹುಳುವಿನ ತಟ್ಟೆಗಳೆಲ್ಲ ಹಿತ್ತಲ ಬಾಗಿಲಿನಿಂದ ದನದ ಕೊಟ್ಟಿಗೆಗೆ ಹೋಗುತ್ತಿದ್ದವು. ನಾನು ಒಳಗೆ ಹೋಗುವ ಹೊತ್ತಿಗೆ ಅಲ್ಲಿ ದಷ್ಟಪುಷ್ಟವಾದ ಹುಳುಗಳು ಮಾತ್ರ ಸೊಪ್ಪು ಮೇಯುತ್ತಿರುತ್ತಿದ್ದವು.

ಜಂಗಮಕೋಟೆಯಲ್ಲಿ ಒಬ್ಬ ಮುದುಕಿ ಇದ್ದಳು. ಆಕೆ ಕಾಫಿಯ ಖರ್ಚನ್ನೂ ಮಾಡುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ಹುಳ ಜ್ವರಕ್ಕೆ ಕೂತವೆ ಸ್ವಾಮಿ, ಇವತ್ತು ಬ್ಯಾಡ ಎಂದುಬಿಡುತ್ತಿದ್ದಳು. ಪೊರೆ ಬಿಡುವ ಮುಂಚೆ ಹುಳು ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಹೊರಗಿನವರು ಒಳಗೆ ಹೋಗಬಾರದೆಂಬುದು ನಾವೇ ಹೇಳಿಕೊಟ್ಟ ಪಾಠ. ಹುಳುವಿಗೆ ಒಂದು ಬೆಳೆಯಲ್ಲಿ ನಾಲ್ಕೇ ಸಲ ಜ್ವರ; ಆ ಮುದುಕಿಯ ಹುಳುಗಳಿಗೆ ನಾನು ಹೋದಾಗಲೆಲ್ಲ ಜ್ವರ. ಆಕೆಗೂ, ಕಾಫಿ ಕೊಟ್ಟವರಿಗೂ ನಾನು ಒಂದೇ ಭಾಷಣ ಬಿಗಿಯುತ್ತಿದ್ದೆ. ಕಾಯಿಲೆ ಮುಚ್ಚಿಟ್ಟರೆ ವಾಸಿಯಾಗುವುದಿಲ್ಲ, ಒಂದು ತಟ್ಟೆಯದು ಇಡೀ ಮನೆಗೆ ಹಬ್ಬುತ್ತದೆ, ತೋರಿಸಿದರೆ ತಾನೇ ಔಷಧಿ ಹೇಳುವುದು ಎಂದು. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ಇಷ್ಟು ಸಣ್ಣ ವಿಷಯ ಇವರಿಗೆ ತಿಳಿಯುವುದಿಲ್ಲವಲ್ಲ ಎಂದು ನಾನು ಮೋಟಾರ್ ಸೈಕಲ್ ಹತ್ತಿ ಮೇಲೂರಿನ ಕಡೆ ಹೋಗುತ್ತಿದ್ದೆ. ನಿವೃತ್ತನಾಗಿ ಆರು ವರ್ಷ ಆಯಿತು. ಆ ಮುದುಕಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದ್ದು ಹೋದ ಏಪ್ರಿಲ್‌ನಲ್ಲಿ.

ಶಿಡ್ಲಘಟ್ಟದಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ಹಿಂದಿನ ಭಾಗದಲ್ಲಿ ನಾನು, ನನ್ನ ಹೆಂಡತಿ ಜಯಮ್ಮ. ಮುಂದಿನ ಹಾಲ್ ಮತ್ತು ಎರಡು ಕೋಣೆ ಖಾಲಿ. ಮಹಡಿಯಲ್ಲಿ ಬಾಡಿಗೆಗೆ ಶಶಿಕಲಾ ಎಂಬ ಹೆಣ್ಣುಮಗಳು, ಆಕೆಯ ಮೂರು ವರ್ಷದ ಮಗಳು ಇಂಚರ. ಶಶಿಕಲಾಳ ಗಂಡ ಲಾರಿಯಲ್ಲಿ ದೂರದೂರಿಗೆ ಹೋಗುವವನು, ತಿಂಗಳಿಗೆ ನಾಲ್ಕು ದಿನ ಸಿಕ್ಕರೆ ಹೆಚ್ಚು. ಹೆಸರಿಗೆ ಇಂಚರ ಮಹಡಿಯವಳು, ವಾಸವೆಲ್ಲ ಕೆಳಗೆ ಜಯಮ್ಮನ ಸೆರಗಿನಲ್ಲಿ. ಮಧ್ಯಾಹ್ನದ ಊಟ ಇಲ್ಲೇ, ನಿದ್ದೆ ಇಲ್ಲೇ, ಹಟ ಮಾಡುವುದಕ್ಕೆ ಮಾತ್ರ ಮೇಲಕ್ಕೆ ಹೋಗುತ್ತಿದ್ದಳು. ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ಶಶಿಕಲಾಳಿಗೆ ಇದನ್ನು ನೋಡಿ ನೋಡಿ ಒಂದು ಯೋಚನೆ ಹೊಳೆಯಿತು. ಕೆಳಗಿನ ಹಾಲಿನಲ್ಲಿ ಸಣ್ಣ ಮಕ್ಕಳಿಗೊಂದು ಪ್ಲೇ ಹೋಮ್ ಮಾಡಿದರೆ ಹೇಗೆ ಎಂದು. ಜಯಮ್ಮನಿಗೆ ಅಂದಿನಿಂದ ಊಟ ಸೇರಲಿಲ್ಲ, ಸಂತೋಷಕ್ಕೆ. ಹನ್ನೆರಡು ಮಕ್ಕಳು ಬರುತ್ತಾರಂತೆ, ನಾನು ಗಂಜಿ ಮಾಡಿಕೊಡ್ತೀನಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಆದರೆ ಶಶಿಕಲಾ ಒಂದು ಷರತ್ತು ಹಾಕಿದಳು. ಮಕ್ಕಳನ್ನು ಬಿಟ್ಟುಹೋಗುವ ತಂದೆತಾಯಿಗಳು ಕೇಳುತ್ತಾರೆ, ನನಗೂ ಧೈರ್ಯ ಬೇಕು, ಆದ್ದರಿಂದ ಇಡೀ ಮನೆಯ ಕರೆಂಟಿನ ತಪಾಸಣೆ ಮಾಡಿಸಿ ಸುರಕ್ಷಿತ ಎಂದು ಬರೆಸಿಕೊಡಿ ಎಂದಳು. ಜೂನ್ ಒಳಗೆ ಆ ಕಾಗದ ಸಿಗದಿದ್ದರೆ ಆಕೆ ಬಸ್ ನಿಲ್ದಾಣದ ಹತ್ತಿರದ ಇನ್ನೊಂದು ಮನೆ ಹಿಡಿಯುತ್ತಾಳೆ. ಪ್ಲೇ ಹೋಮ್ ಎಲ್ಲಿಯೋ ವಾಸವೂ ಅಲ್ಲಿಯೇ. ಅಂದರೆ ಇಂಚರಳೂ ಅಲ್ಲಿಯೇ. ಅಷ್ಟು ಕೇಳಿದ ಜಯಮ್ಮ ನನ್ನ ಕಡೆ ತಿರುಗಿ, ಅದೇನು ಮಹಾ, ನಾಳೆಯೇ ಮಾಡಿಸಿಕೊಡ್ತಾರೆ ಎಂದುಬಿಟ್ಟಳು. ಅದು ಅಷ್ಟು ಸುಲಭವಲ್ಲವೆಂದು ನನಗೆ ಗೊತ್ತಿತ್ತು. ಏಕೆಂದರೆ ನಮ್ಮ ಮನೆಯಲ್ಲಿ ಮೂರು ಮಣೆಗಳಿದ್ದವು.

ಮಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊಟಕ್ಕೆ ಕೂರುವ ಮಣೆ ಎಲ್ಲರ ಮನೆಯಲ್ಲೂ ಇರುತ್ತದೆ. ನಮ್ಮ ಮನೆಯಲ್ಲಿ ಊಟಕ್ಕೆ ಕುರ್ಚಿ; ಮಣೆಗಳು ಇದ್ದದ್ದು ಗ್ರೈಂಡರಿನ ಮುಂದೆ ಒಂದು, ಫ್ರಿಜ್ಜಿನ ಮುಂದೆ ಒಂದು, ಹಿತ್ತಲಿನ ಬಟ್ಟೆ ಒಗೆಯುವ ಮೆಷಿನ್ನಿನ ಮುಂದೆ ಒಂದು. ಬರಿಗಾಲಲ್ಲಿ ನಿಂತು ಇವುಗಳನ್ನು ಮುಟ್ಟಿದರೆ ಕೈಗೆ ಜುಮ್ ಎನ್ನುತ್ತದೆ. ಅಡುಗೆಮನೆಗೆ ಚಪ್ಪಲಿ ತರುವ ಸಂಪ್ರದಾಯ ನಮ್ಮಲ್ಲಿಲ್ಲ. ಆದ್ದರಿಂದ ಹಲಸಿನ ಮರದ ಮಣೆ. ಇದು ನಾನೇ ಕಂಡುಹಿಡಿದ ಪರಿಹಾರ, ಮತ್ತು ಆರು ವರ್ಷದಿಂದ ಯಾವ ತೊಂದರೆಯೂ ಇಲ್ಲದೆ ನಡೆದುಕೊಂಡು ಬಂದಿತ್ತು. ಮನೆಗೆ ಬಂದ ನೆಂಟರಿಗೂ ಜಯಮ್ಮ ನೀರು ಕೊಡುವ ಮುಂಚೆ ಮಣೆಯ ಪಾಠ ಹೇಳುತ್ತಿದ್ದಳು. ಇಂಚರ ಮಾತು ಕಲಿತ ಹೊಸದರಲ್ಲೇ ‘ಮೊದಲು ಮಣೆ, ಆಮೇಲೆ ಫಿಜ್ಜು’ ಎಂದು ಕಲಿತಿದ್ದಳು; ಅವಳ ತಾಯಿ ಅದನ್ನು ಮಗುವಿನ ಆಟವೆಂದುಕೊಂಡಿದ್ದಳು.

ಇದನ್ನು ಶಾಕ್ ಎಂದು ಕರೆಯುವುದು ನನಗೆ ಒಪ್ಪಿಗೆಯಿರಲಿಲ್ಲ. ಶಾಕಿನಲ್ಲಿ ದರ್ಜೆಗಳಿವೆ. ಮೊದಲನೆಯದು ಜುಮ್, ಇರುವೆ ಹರಿದ ಹಾಗೆ, ಅದಕ್ಕೆ ಯಾರೂ ಗಮನ ಕೊಡಬೇಕಾಗಿಲ್ಲ. ಎರಡನೆಯದು ಚುರುಕ್, ಕೈ ಒದರಿಕೊಂಡು ಮತ್ತೆ ಕೆಲಸಕ್ಕೆ ಹತ್ತಬಹುದು. ಮೂರನೆಯದು ಫಟ್, ಆಗ ಒಂದು ಮಾತು ಬಾಯಿಂದ ಬರುತ್ತದೆ. ನಾಲ್ಕನೆಯದನ್ನು ಹೇಳಲು ಯಾರೂ ಉಳಿಯುವುದಿಲ್ಲ. ನಮ್ಮ ಮನೆಯದು ಹೆಚ್ಚೆಂದರೆ ಒಂದು, ಮಳೆಗಾಲದಲ್ಲಿ ಒಂದೂವರೆ. ಗೋಡೆಯ ತೇವದಿಂದ ಹಾಗಾಗುತ್ತದೆ ಎಂದು ನಾನು ಜಯಮ್ಮನಿಗೆ ವಿವರಿಸಿದ್ದೆ. ಈ ವರ್ಗೀಕರಣವನ್ನು ಬೀದಿಯಲ್ಲಿ ಹಲವರಿಗೆ ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೆ.

ಇನ್ನು ತಪಾಸಣೆ ಮಾಡುವವರನ್ನು ಹುಡುಕುವ ಪಾಡು. ಲೈಸೆನ್ಸ್ ಇದ್ದು, ಬಾಡಿಗೆ ಮನೆ, ಅಂಗಡಿ ಎಲ್ಲ ನೋಡಿ ಬರೆದುಕೊಡುವವರು ನಮ್ಮ ಕಡೆ ಕೈಬೆರಳಲ್ಲಿ ಎಣಿಸುವಷ್ಟು. ಚಿಂತಾಮಣಿಯ ಭಾರ್ಗವಿ ಎಂಬ ಇಂಜಿನಿಯರ್ ಹೆಸರನ್ನು ಶಶಿಕಲಾಳೇ ತಂದಳು. ಫೋನ್ ಮಾಡಿದರೆ ಸೋಮವಾರ ಬರುತ್ತೇನೆಂದಳು. ಸೋಮವಾರ ಗೌರಿಬಿದನೂರಿನ ಯಾವುದೋ ಕಾರ್ಖಾನೆಯಲ್ಲಿ ಸಿಕ್ಕಿಹಾಕಿಕೊಂಡಳು. ಗುರುವಾರ ಚಿಕ್ಕಬಳ್ಳಾಪುರದ ಒಂದು ಮದುವೆ ಛತ್ರ. ಮುಂದಿನ ಸೋಮವಾರ ಮುದ್ದೇನಹಳ್ಳಿಯ ಕಡೆ ಒಂದು ಹಾಸ್ಟೆಲ್. ಪ್ರತಿ ಸಲವೂ ನಾನು ಬೆಳಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಣೆಗಳನ್ನು ಮಂಚದ ಕೆಳಗೆ ತಳ್ಳಿ ಕಾಯುವುದು. ಹನ್ನೊಂದು ಗಂಟೆಗೆ ಆಕೆಯ ಫೋನ್ ಬರುವುದು. ಮಣೆಗಳನ್ನು ಮತ್ತೆ ಎಳೆದು ಅವುಗಳ ಜಾಗಕ್ಕೆ ಸೇರಿಸುವುದು. ಒಬ್ಬ ಹೆಣ್ಣುಮಗಳಿಗಾಗಿ ಇಷ್ಟೊಂದು ಸಲ ಮಂಚದ ಕೆಳಗೆ ಬಗ್ಗುವ ವಯಸ್ಸು ನನ್ನದಲ್ಲ.

ಈ ನಡುವೆ ಮುನಿರಾಜುವನ್ನು ಕರೆಸಿದೆ. ಮುನಿರಾಜು ನಮ್ಮ ಬೀದಿಯ ವೈರಿಂಗ್ ಕೆಲಸದವನು. ಅವನಿಗೆ ಗೊತ್ತಿಲ್ಲದ ವಿದ್ಯೆಯಿಲ್ಲ, ಅವನು ಪೂರ್ತಿ ಮಾಡಿದ ಕೆಲಸವೂ ಇಲ್ಲ. ಬರುವವರ ಕಣ್ಣಿಗೆ ಬೀಳುವಂಥದ್ದೇನಾದರೂ ಇದ್ದರೆ ಸ್ವಲ್ಪ ನೀಟ್ ಮಾಡಪ್ಪ ಎಂದೆ. ಅವನು ಹಾಲಿನ ಎರಡು ಸ್ವಿಚ್‌ಬೋರ್ಡ್ ಒರೆಸಿ ಫಳಫಳ ಮಾಡಿದ. ನೇತಾಡುತ್ತಿದ್ದ ವೈರುಗಳನ್ನು ಕಪ್ಪು ಟೇಪಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ತುರುಕಿದ. ಹೋಗುವಾಗ ಬಾಗಿಲಲ್ಲಿ ನಿಂತು, ಸಾರ್, ಆ ಅರ್ಥಿಂಗ್ ವಿಷ್ಯ ಅವತ್ತೇ ಹೇಳಿದ್ನಲ್ಲ ಎಂದು ರಾಗ ಎಳೆದ. ಅವನು ಯಾವತ್ತು ಏನು ಹೇಳಿದ್ದ ಎಂಬುದು ನನಗೆ ಜ್ಞಾಪಕವಿರಲಿಲ್ಲ. ಇದ್ದರೂ, ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವನು ಮುನಿರಾಜುವಿನಿಂದ ಹೇಳಿಸಿಕೊಳ್ಳುವುದೇ? ನೀನು ಮೊದಲು ಹಿಡಿದ ಕೆಲಸ ಮುಗಿಸುವುದನ್ನು ಕಲಿ ಎಂದು ಕಳಿಸಿದೆ.

ಅಂತೂ ಒಂದು ಶನಿವಾರ ಭಾರ್ಗವಿ ಸ್ಕೂಟರಿನಲ್ಲಿ ಬಂದಿಳಿದಳು. ಮೂವತ್ತರ ಒಳಗಿನ ವಯಸ್ಸು, ಕಾಲಿಗೆ ದಪ್ಪ ರಬ್ಬರ್ ಬೂಟು, ಹೆಗಲಿಗೆ ಒಂದು ಹಳದಿ ಪೆಟ್ಟಿಗೆ. ಬಾಗಿಲಲ್ಲೇ ಬೂಟು ಬಿಡಬೇಕೆಂದು ಜಯಮ್ಮ ಕಣ್ಣಲ್ಲೇ ಸೂಚಿಸಿದಳು. ಆಕೆ ನಯವಾಗಿ, ಕೆಲಸ ಮುಗಿಯುವ ತನಕ ಬಿಡೋ ಹಾಗಿಲ್ಲ ಆಂಟಿ ಎಂದಳು. ನಾನು ಅನುಭವಸ್ಥನ ಹಾಗೆ ಕುರ್ಚಿ ಎಳೆದು, ಮೊದಲು ಕಾಫಿ ಆಗಲಿ, ಬಿಸಿಲಿನಲ್ಲಿ ಬಂದಿದ್ದೀರಿ ಎಂದೆ. ಒಳಗೆ ಹೋದ ಜಯಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಅಡುಗೆಮನೆಯಿಂದ, ಮಣೆ ಎಲ್ಲಿಟ್ರೀ ಎಂದು ಕೂಗಿದಳು. ಹಾಲು ಫ್ರಿಜ್ಜಿನಲ್ಲಿತ್ತು, ಮಣೆ ಮಂಚದ ಕೆಳಗಿತ್ತು. ನಾನು, ಮಣೆ ಯಾಕೆ, ಅವರು ಕುರ್ಚಿಯ ಮೇಲೆಯೇ ಕೂತಿದ್ದಾರಲ್ಲ ಎಂದು ಗಟ್ಟಿಯಾಗಿ ಉತ್ತರ ಕೊಟ್ಟೆ. ಭಾರ್ಗವಿ ನನ್ನ ಮುಖವನ್ನು ಒಂದು ಸಲ ನೋಡಿದಳು. ಆ ನೋಟವನ್ನು ನಾನು ಬಲ್ಲೆ. ತಟ್ಟೆ ಜರುಗುವ ಸದ್ದು ಕೇಳಿದಾಗ ನಾನೂ ರೈತರನ್ನು ಹಾಗೆಯೇ ನೋಡುತ್ತಿದ್ದೆ. ಆಕೆ, ಕಾಫಿ ಕುಡಿಯೋದಿಲ್ಲ ಅಂಕಲ್, ಮೊದಲು ಮೇನ್ ಬೋರ್ಡ್ ನೋಡ್ತೀನಿ ಎಂದು ಎದ್ದೇಬಿಟ್ಟಳು. ತಪಾಸಣೆಗೆ ಬಂದು ಕಾಫಿ ಕುಡಿಯದವರನ್ನು ನಾನು ಅದೇ ಮೊದಲು ನೋಡಿದ್ದು. ಇಂಥವರು ಹುಟ್ಟಿಕೊಂಡರೆ ಸಂಸಾರಸ್ಥರು ಬದುಕುವುದು ಹೇಗೆ?

ಮೇನ್ ಬೋರ್ಡಿನಲ್ಲಿ ಒಂದು ಸ್ವಿಚ್ಚಿದೆ. ಎಲ್ಲಾದರೂ ಕರೆಂಟ್ ಸೋರಿದರೆ ಅದು ತಾನಾಗಿ ಕೆಳಗೆ ಬಿದ್ದು ಇಡೀ ಮನೆಯನ್ನು ನಿಲ್ಲಿಸಬೇಕಂತೆ. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡುವುದಕ್ಕೆ ಅದರ ಮೇಲೊಂದು ಪುಟ್ಟ ಗುಂಡಿ; ಆಗಾಗ ಒತ್ತಿ ನೋಡಬೇಕಂತೆ. ನಮ್ಮಲ್ಲಿ ಅದನ್ನು ಒತ್ತುವ ಪದ್ಧತಿಯಿರಲಿಲ್ಲ. ಆಯುಧಪೂಜೆಯ ದಿನ ಬೋರ್ಡಿಗೆ ವಿಭೂತಿ ಬಳಿದು, ಗುಂಡಗೆ ಹಣೆಯ ಹಾಗಿದೆಯಲ್ಲ ಎಂದು ಆ ಗುಂಡಿಗೆ ಗಂಧ, ಕುಂಕುಮ ಇಡುತ್ತಿದ್ದೆವು. ವರ್ಷ ವರ್ಷದ ಕುಂಕುಮ ಗಟ್ಟಿಯಾಗಿ ಕೂತಿತ್ತು. ಭಾರ್ಗವಿ ಉಗುರಿನಿಂದ ಕೆರೆದು ಒತ್ತಿದಳು. ಏನೂ ಆಗಲಿಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ಆ ಸ್ವಿಚ್ಚಿಗೆ ಸಂಪರ್ಕವೇ ಇಲ್ಲದ ಹಾಗೆ ವೈರನ್ನು ಪಕ್ಕದಿಂದ ತಿರುಗಿಸಿ ಕೊಟ್ಟಿತ್ತು. ಅದು ಪದೇ ಪದೇ ಬಿದ್ದು ಧಾರಾವಾಹಿ ನೋಡುವುದಕ್ಕೆ ತೊಂದರೆಯಾಗುತ್ತಿದೆ ಎಂದು ನಾನೇ ಮುನಿರಾಜುವಿನಿಂದ ಮಾಡಿಸಿದ್ದೆ. ಅದನ್ನು ಹೇಳಲಿಲ್ಲ. ಕಟ್ಟಿದವರು ಹೀಗೆ ಮಾಡಿ ಹೋಗಿದ್ದಾರೆ ನೋಡಿ ಎಂದು ಕಟ್ಟಿದವರ ಮೇಲೆ ಬೇಸರಪಟ್ಟುಕೊಂಡೆ. ಆಮೇಲೆ ಗೋಡೆಯ ಸಾಕೆಟ್ಟುಗಳನ್ನು ನೋಡುತ್ತಾ ಹೋದಳು. ಮೂರು ತೂತಿನಲ್ಲಿ ಮೇಲಿನ ದೊಡ್ಡ ತೂತಿಗೆ ಐದು ಕಡೆ ಬೆಂಕಿಕಡ್ಡಿ ಸಿಕ್ಕಿಸಿತ್ತು. ಎರಡು ಕಡ್ಡಿಯ ಪ್ಲಗ್ ಒಳಗೆ ಹೋಗಬೇಕಾದರೆ ಹಾಗೆ ಮಾಡಬೇಕು, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆಕೆ ಮಾತ್ರ ಒಂದೊಂದು ಕಡ್ಡಿಯನ್ನೂ ಚಿಮುಟದಿಂದ ತೆಗೆದು ಕಿಟಕಿಯ ಮೇಲೆ ಸಾಲಾಗಿ ಜೋಡಿಸಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಬಂದವರ ಎದುರಿಗೆ ಮನೆಯ ಬೆಂಕಿಕಡ್ಡಿ ಎಣಿಸಿಕೊಳ್ಳುವ ಸ್ಥಿತಿ ಯಾರಿಗೂ ಬೇಡ.

ಅನಂತರ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದಳು. ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಮನೆ ಕಟ್ಟಿದಾಗ ಇದ್ದಲು, ಉಪ್ಪು ಮೂಟೆಗಟ್ಟಲೆ ಸುರಿದು, ಆಳುದ್ದದ ಕಬ್ಬಿಣದ ಪೈಪು ಹೂತು, ಅದರಿಂದ ಮನೆಯೊಳಗೆ ತಾಮ್ರದ ತಂತಿ ಎಳೆದದ್ದು ನನಗೆ ಚೆನ್ನಾಗಿ ಜ್ಞಾಪಕವಿತ್ತು. ಗತ್ತಿನಿಂದ ಹಿತ್ತಲಿಗೆ ಕರೆದುಕೊಂಡು ಹೋದೆ. ಹಿತ್ತಲಿಗೆಲ್ಲ ಸಿಮೆಂಟ್ ಬಳಿದಿತ್ತು. ಗುಂಡಿ ಸಿಮೆಂಟಿನ ಕೆಳಗಿರಬೇಕು ಎಂದೆ. ಪೈಪು ಮೇಲಕ್ಕೆ ಕಾಣಬೇಕಲ್ಲ ಎಂದಳು. ಇಬ್ಬರೂ ಮೂಲೆ ಮೂಲೆ ಹುಡುಕಿದೆವು. ಕೊನೆಗೆ ಆಕೆ ಬಟ್ಟೆ ಒಣಹಾಕುವ ಕಂಬದ ಹತ್ತಿರ ನಿಂತು ತಲೆಯೆತ್ತಿ ನೋಡಿದಳು. ಕಂಬದ ತುದಿಯಲ್ಲಿ ಒಂದು ಬೋಲ್ಟು, ಅದಕ್ಕೊಂದು ಕೊಂಡಿ. ಕಂಬದಿಂದ ಗೋಡೆಯ ಮೊಳೆಗೆ ಬಿಗಿದ ತಂತಿಯ ಮೇಲೆ ನನ್ನ ಎರಡು ಬನಿಯನ್ನು, ಜಯಮ್ಮನ ಸೀರೆ. ಆಕೆ ಸೀರೆಯನ್ನು ಸ್ವಲ್ಪ ಸರಿಸಿ ತಂತಿಯನ್ನು ಉಜ್ಜಿ ನೋಡಿದಳು. ಒಳಗೆ ಕೆಂಪಗೆ ತಾಮ್ರ ಹೊಳೆಯಿತು.

“ಇದೇನು ಅಂಕಲ್, ಅರ್ಥಿಂಗ್ ಪೈಪು ಕಿತ್ತು ಬಟ್ಟೆ ಒಣಹಾಕೋಕೆ ನಿಲ್ಲಿಸಿದ್ದೀರಾ?”

ಆಗ ನನಗೆ ಎಲ್ಲ ಜ್ಞಾಪಕಕ್ಕೆ ಬಂತು. ಆರು ವರ್ಷದ ಹಿಂದೆ, ನಿವೃತ್ತಿಯಾದ ಹೊಸದರಲ್ಲಿ, ಕೆಲಸವಿಲ್ಲದವನ ಉತ್ಸಾಹದಲ್ಲಿ ಹಿತ್ತಲಿಗೆ ಸಿಮೆಂಟ್ ಹಾಕಿಸಿದ್ದೆ. ಮಧ್ಯದಲ್ಲೊಂದು ಪೈಪು ಮೊಣಕಾಲಿಗೆ ತಗಲುವ ಹಾಗೆ ನಿಂತಿತ್ತು. ಗಾರೆಯವನು ಕೊಯ್ದು ಬಿಡ್ತೀನಿ ಎಂದ. ಒಳ್ಳೆ ಪೈಪು, ದಂಡ ಮಾಡುವುದು ಯಾಕೆ ಎಂದು ಇಬ್ಬರು ಆಳುಗಳಿಂದ ಪೂರ್ತಿ ಕೀಳಿಸಿ, ಮೂಲೆಯಲ್ಲಿ ನಿಲ್ಲಿಸಿ, ಅದರ ತಂತಿಯನ್ನೇ ಬಟ್ಟೆಗೆ ಕಟ್ಟಿಸಿದೆ. ನಮ್ಮ ಮನೆತನದವರು ಬೇಸಾಯಗಾರರು. ಮುರಿದ ನೇಗಿಲನ್ನು ಬಾಗಿಲ ಅಗುಳಿ ಮಾಡಿದವರು, ಹುಳು ಗೂಡು ಕಟ್ಟುವ ಚಂದ್ರಿಕೆ ಹರಿದರೆ ಅದರಲ್ಲಿ ಕೋಳಿ ಮುಚ್ಚಿದವರು. ಏನನ್ನೂ ಬಿಸಾಡಬಾರದೆಂಬುದು ರಕ್ತದಲ್ಲೇ ಬಂದಿದೆ. ಮುನಿರಾಜು ಅವತ್ತು ಏನೋ ಗೊಣಗಿದ್ದು ಅದೇ. ಜಯಮ್ಮ ಎರಡು ವಾರದ ಮೇಲೆ ಗ್ರೈಂಡರ್ ಜುಮ್ ಎನ್ನುತ್ತದೆ ಎಂದದ್ದೂ ಆಗಲೇ. ಎರಡನ್ನೂ ನಾನು ಆರು ವರ್ಷ ಬೇರೆ ಬೇರೆ ಇಟ್ಟಿದ್ದೆ.

ಭಾರ್ಗವಿ ಬೈಯಲಿಲ್ಲ, ಅದೇ ಕಷ್ಟವಾಯಿತು. ಸಮಾಧಾನವಾಗಿ ವಿವರಿಸಿದಳು. ಗ್ರೈಂಡರಿನಲ್ಲಿ ಸಣ್ಣ ಸೋರಿಕೆಯಿದೆ, ನೆಲಕ್ಕೆ ಹೋಗುವ ದಾರಿ ಇದ್ದಿದ್ದರೆ ಅದು ಹೋಗಿಬಿಡುತ್ತಿತ್ತು, ಬೀಳುವ ಸ್ವಿಚ್ಚು ಬೀಳುತ್ತಿತ್ತು. ಈಗ ದಾರಿಯೂ ಇಲ್ಲ, ಸ್ವಿಚ್ಚೂ ಇಲ್ಲ, ಗೋಡೆಯೊಳಗಿನ ಒಂದೇ ತಂತಿ ಎಲ್ಲವನ್ನೂ ಸೇರಿಸಿರುವುದರಿಂದ ಗ್ರೈಂಡರಿನದು ಫ್ರಿಜ್ಜಿಗೂ ಮೆಷಿನ್ನಿಗೂ ಬರುತ್ತಿದೆ ಎಂದಳು. ಒಂದು ತಟ್ಟೆಯದು ಇಡೀ ಮನೆಗೆ. ಅದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಸುಮ್ಮನೆ ಹೇಳಿದ್ದಾರೆಯೇ. ಆದರೂ ಬುದ್ಧಿ ಬರಲಿಲ್ಲ ನೋಡಿ. ಆಕೆ ಕೈಪುಸ್ತಕ ತೆಗೆದು, ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದದ್ದು ಉಂಟಾ ಎಂದು ಕೇಳಿದಾಗ, ಕಾಗದ ತಪ್ಪಿಹೋಗುತ್ತದೆಂಬ ಹೆದರಿಕೆಗೆ, ಬಸ್ ನಿಲ್ದಾಣದ ಹತ್ತಿರದ ಮನೆ ಕಣ್ಣಮುಂದೆ ಬಂದು, ಛೆ ಛೆ, ಈ ಮನೆಯಲ್ಲಿ ಇವತ್ತಿನವರೆಗೆ ಯಾರಿಗೂ ಏನೂ ಆಗಿಲ್ಲ ಎಂದೆ. ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಹಡಿಯಿಂದ ಇಳಿದು ಬಂದಿದ್ದ ಶಶಿಕಲಾ ಕೂಡ ಕೇಳಿಸಿಕೊಂಡಳು, ನೆಮ್ಮದಿಯ ಮುಖ ಮಾಡಿದಳು.

ತಾಯಿಯ ಹಿಂದೆಯೇ ಇಂಚರ ಬಂದಿದ್ದಳು. ದಿನವೂ ಆ ಹೊತ್ತಿಗೆ ಫ್ರಿಜ್ಜಿನಲ್ಲಿ ಅವಳಿಗೆ ದ್ರಾಕ್ಷಿಯ ಬಟ್ಟಲು ಇರುತ್ತದೆ. ಅವಳು ಆಗ ತಾನೇ ನೀರಿನಲ್ಲಿ ಆಡಿ ಬಂದಿದ್ದಳು. ಅಂಗಾಲಿನ ಒದ್ದೆ ಗುರುತು ನೆಲದ ಮೇಲೆ ಅಡುಗೆಮನೆಯ ತನಕ ಬಿದ್ದಿತ್ತು. ಫ್ರಿಜ್ಜಿನ ಮುಂದೆ ನಿಂತು ಕೆಳಗೆ ನೋಡಿದಳು. ಮಣೆ ಇರಲಿಲ್ಲ. ಆ ಕಡೆ ಈ ಕಡೆ ನೋಡಿದಳು. ಕಲಿಸಿದ ಪಾಠವನ್ನು ಆ ಮಗು ಮರೆತಿರಲಿಲ್ಲ. ಮಣೆಯನ್ನು ಬಚ್ಚಿಟ್ಟವನು ನಾನು. ಆಮೇಲೆ, ಇವತ್ತು ಮಣೆ ಬೇಡವೇನೋ ಎಂದುಕೊಂಡಳೋ ಏನೋ, ಎರಡೂ ಕೈ ಚಾಚಿ ಮುಂದೆ ಹೆಜ್ಜೆಯಿಟ್ಟಳು.

“ಬೇಡಮ್ಮ, ಮುಟ್ಟಬೇಡ. ಶಾಕ್ ಹೊಡೆಯುತ್ತೆ.”

ಕೂಗಿದವನು ನಾನು. ಕೂಗಿದ್ದಷ್ಟೇ ಅಲ್ಲ, ಮಂಡಿನೋವಿನಿಂದ ಒಂದು ವರ್ಷದಿಂದ ಮೆಟ್ಟಿಲು ಹತ್ತದವನು ಭಾರ್ಗವಿಯ ಪೆಟ್ಟಿಗೆಯನ್ನು ದಾಟಿ ಹಾರಿ ಮಗುವಿನ ಸೊಂಟ ಹಿಡಿದು ಎತ್ತಿಕೊಂಡಿದ್ದೆ. ಮಗು ಬೆದರಿ ಅಳಲು ಶುರುಮಾಡಿತು. ಸುಳ್ಳು ಹೇಳಿ ನಿಮಿಷವಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ಮೇಲು, ಅವನನ್ನು ಯಾರೋ ಕಳ್ಳ ಎಂದಿದ್ದರು. ನನ್ನನ್ನು ಯಾರೂ ಏನೂ ಅಂದಿರಲಿಲ್ಲ. ಶಶಿಕಲಾ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು ಮಹಡಿಗೆ ಹೋದಳು. ಜಯಮ್ಮ ಒಳಗೆ ಹೋಗಿ ಮಂಚದ ಕೆಳಗಿನಿಂದ ಮೂರು ಮಣೆಗಳನ್ನೂ ಎಳೆದು ತಂದು ಭಾರ್ಗವಿಯ ಮುಂದೆ ಒಂದರ ಮೇಲೊಂದು ಇಟ್ಟಳು. ನನಗೆ ಆ ಕ್ಷಣದಲ್ಲಿ ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಭಾರ್ಗವಿ ಕಾಗದ ಕೊಡಲಿಲ್ಲ. ಬದಲಿಗೆ ಎರಡು ಪುಟದ ಪಟ್ಟಿ ಕೊಟ್ಟಳು. ಹೊಸ ಅರ್ಥಿಂಗ್ ಗುಂಡಿ, ಹೊಸ ಬೀಳುವ ಸ್ವಿಚ್ಚು, ಅಡುಗೆಮನೆಯ ವೈರು ಪೂರ್ತಿ ಬದಲಾವಣೆ, ಗ್ರೈಂಡರ್ ರಿಪೇರಿ. ಅದೆಲ್ಲ ಆಗುವ ತನಕ ಗ್ರೈಂಡರ್, ಫ್ರಿಜ್, ಮೆಷಿನ್ನು ಮೂರಕ್ಕೂ ಕರೆಂಟ್ ಇಲ್ಲ. ಫ್ಯೂಜ್ ತೆಗೆದು ತನ್ನ ಪೆಟ್ಟಿಗೆಯಲ್ಲಿ ಹಾಕಿಕೊಂಡೇ ಹೋದಳು. ನಾನು ಒಂದು ವರ್ಷದಿಂದ ಹತ್ತದ ಮೆಟ್ಟಿಲು ಹತ್ತಿ ಶಶಿಕಲಾಳ ಮುಂದೆ ನಿಂತೆ. ಆಕೆ, ತಿಂಗಳ ಕೊನೆಯ ತನಕ ನೋಡ್ತೀನಿ ಸಾರ್, ಆಮೇಲೆ ನನ್ನನ್ನ ಕೇಳಬೇಡಿ ಎಂದಳು. ಅಲ್ಲಿಯವರೆಗೆ ಇಂಚರಳನ್ನು ಕೆಳಗೆ ಕಳಿಸಲಿಲ್ಲ. ಮಧ್ಯಾಹ್ನ ಜಯಮ್ಮ ಅವಳ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲಕ್ಕೆ ಹೋಗಿ ಊಟ ಮಾಡಿಸಿ ಬರುತ್ತಿದ್ದಳು. ಬಂದವಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದಳು.

ಆ ಹದಿನೇಳು ದಿನಗಳ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ, ಹೇಳಿದರೆ ಹೊಟ್ಟೆ ಉರಿಯುತ್ತದೆ. ಮುನಿರಾಜು ಗುಂಡಿ ತೋಡುವವರನ್ನು ಕರೆತರುತ್ತೇನೆಂದು ಮೂರು ದಿನ ನಾಪತ್ತೆಯಾದ. ಬಂದವರು ನಾನು ಪ್ರೀತಿಯಿಂದ ಹಾಕಿಸಿದ್ದ ಸಿಮೆಂಟನ್ನು ಒಡೆದ ಸದ್ದು ಎದೆಗೇ ಬಿದ್ದ ಹಾಗಿತ್ತು. ಉಪ್ಪು ಸಿಕ್ಕಿದ ದಿನ ಇದ್ದಲು ಇಲ್ಲ, ಇದ್ದಲು ಸಿಕ್ಕಿದ ದಿನ ಮುನಿರಾಜುವಿಲ್ಲ. ಹಳೆಯ ಪೈಪು ನಡೆಯುತ್ತದೆಯೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಭಾರ್ಗವಿ ಫೋನ್ ಇಟ್ಟೇಬಿಟ್ಟಳು. ಇತ್ತ ಒಗೆಯುವ ಮೆಷಿನ್ನಿಲ್ಲ, ಬ್ರಷ್ಷು ಹಿಡಿದು ಕಲ್ಲಿನ ಮೇಲೆ ಬಟ್ಟೆ ಉಜ್ಜಿದವನು ನಾನು. ಗ್ರೈಂಡರಿಲ್ಲ, ಹಿತ್ತಲ ಮೂಲೆಯಲ್ಲಿದ್ದ ಒರಳಿನಲ್ಲಿ ಇಡ್ಲಿ ಹಿಟ್ಟು ರುಬ್ಬಿದವನೂ ನಾನು. ಜಯಮ್ಮ ಹೇಳಿರಲಿಲ್ಲ, ಹೇಳದೆ ಒರಳು ತೊಳೆದಿಟ್ಟು, ನೆನೆದ ಅಕ್ಕಿಯ ಪಾತ್ರೆಯನ್ನು ನನ್ನ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದಳು. ರಟ್ಟೆ ಎರಡೂ ಬಿದ್ದುಹೋದವು. ಒಂದು ದಿನ ಅರ್ಧ ರುಬ್ಬಿ ಸಾಕು ಎಂದಾಗ ಅವಳು ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, ತರಿ ಇದೆ ಎಂದು ಹೇಳಿ ಒಳಗೆ ಹೋದಳು. ತಪಾಸಣೆ ಎಂದರೆ ಇದು.

ಗಡುವಿಗೆ ಎರಡು ದಿನ ಇರುವಾಗ ಭಾರ್ಗವಿ ಮತ್ತೆ ಬಂದಳು. ಈ ಸಲ ನಾನು ಕಾಫಿಯ ಮಾತೆತ್ತಲಿಲ್ಲ. ಆಕೆ ಅರ್ಥಿಂಗ್ ಗುಂಡಿಯ ಹತ್ತಿರ ಕೂತು ಅಳೆದಳು, ಸ್ವಿಚ್ಚಿನ ಗುಂಡಿ ಒತ್ತಿದಳು. ಇಡೀ ಮನೆ ಕತ್ತಲಾದಾಗ ಎಲ್ಲರೂ ಸಂತೋಷಪಟ್ಟ ಮನೆ ನಮ್ಮದೊಂದೇ ಇರಬೇಕು. ಗ್ರೈಂಡರ್, ಫ್ರಿಜ್, ಮೆಷಿನ್ನುಗಳಿಗೆ ಮೀಟರಿನ ಕಡ್ಡಿ ಇಟ್ಟು ನೋಡಿ, ಈಗ ಸರಿಯಿದೆ ಎಂದಳು. ಶಶಿಕಲಾ ತಾನೇ ಬರಿಗಾಲಲ್ಲಿ ನಿಂತು ಫ್ರಿಜ್ಜಿನ ಬಾಗಿಲಿಗೆ ಅಂಗೈ ಇಟ್ಟು ನೋಡಿದಳು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದು, ಆಮೇಲೆ ಕಂಕುಳಲ್ಲಿದ್ದ ಇಂಚರಳನ್ನು ಕೆಳಗೆ ಬಿಟ್ಟಳು. ಮಗು ಸೀದಾ ಹೋಗಿ ಜಯಮ್ಮನ ಕಾಲು ತಬ್ಬಿಕೊಂಡಿತು. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಸಿಮೆಂಟಿನ ಧೂಳು ಎಂದು ಕೆಮ್ಮಿದೆ.

ಕಾಗದಕ್ಕೆ ಸಹಿ ಮಾಡುವುದೊಂದು ಬಾಕಿ ಇತ್ತು. ಅದರ ಕೊನೆಯಲ್ಲಿ ಮನೆಯ ಮಾಲೀಕರೇ ಕೈಬರಹದಲ್ಲಿ ತುಂಬಬೇಕಾದ ಒಂದು ಕಲಂ ಇತ್ತು. ಈ ದುರಸ್ತಿಗೆ ಮುಂಚೆ ಮನೆಯಲ್ಲಿ ಯಾರಿಗಾದರೂ ಶಾಕ್ ತಗಲಿತ್ತೇ, ತಗಲಿದ್ದರೆ ಎಂಥದ್ದು ಎಂದು. ಈ ಸಲ ನಾನು ಮುಚ್ಚಿಡುವವನಲ್ಲ. ಎಲ್ಲರೂ ನೋಡಲಿ ಎಂದು ಕನ್ನಡಕ ಹಾಕಿಕೊಂಡು, ದುಂಡಗಿನ ಅಕ್ಷರದಲ್ಲಿ, ‘ಹೌದು, ತಗಲಿತ್ತು. ಆದರೆ ಸಣ್ಣದು’ ಎಂದು ಬರೆದೆ. ಸತ್ಯವನ್ನು ಇಷ್ಟು ಧೈರ್ಯವಾಗಿ ಬರೆದದ್ದಕ್ಕೆ ಯಾರಾದರೂ ಒಂದು ಮಾತು ಹೇಳುತ್ತಾರೇನೋ ಎಂದು ತಲೆಯೆತ್ತಿದೆ. ಜಯಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನೇ ಓದುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ ಹಾಗೆ ಕೇಳಿದಳು.

“ಸಣ್ಣದು ಅಂತ ನಿಮಗೆ ಹೆಂಗೆ ಗೊತ್ತಾಯ್ತು? ನೀವು ಯಾವತ್ತು ಮುಟ್ಟಿದ್ರಿ?”

ನಾನು ಯೋಚಿಸಿದೆ. ಫ್ರಿಜ್ಜಿನ ನೀರು ನನಗೆ ಲೋಟದಲ್ಲಿ ಬರುತ್ತಿತ್ತು. ಒಗೆದ ಬಟ್ಟೆ ಮಡಿಸಿ ಮಂಚದ ಮೇಲೆ ಬರುತ್ತಿತ್ತು. ಗ್ರೈಂಡರಿನ ಹತ್ತಿರ ನಾನು ಹೋದದ್ದು ಮಣೆ ಇಡುವುದಕ್ಕೆ ನಾಲ್ಕು ಸಲ, ಬಚ್ಚಿಡುವುದಕ್ಕೆ ನಾಲ್ಕು ಸಲ. ಜುಮ್, ಚುರುಕ್, ಫಟ್ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು, ಅಡುಗೆಮನೆಯಿಂದ ಅವಳು ಕೂಗಿದ್ದನ್ನು ಹಾಲಿನಲ್ಲಿ ಪೇಪರ್ ಓದುತ್ತಾ ಕೇಳಿಸಿಕೊಂಡು.

ಪೆನ್ನು ತೆಗೆದುಕೊಂಡು ‘ಆದರೆ ಸಣ್ಣದು’ ಎಂಬುದರ ಮೇಲೆ ಗೀಟು ಎಳೆದೆ. ತಿದ್ದಿದ ಕಡೆ ಇನ್ನೊಂದು ಸಹಿ ಬೇಕಾಗುತ್ತೆ ಅಂಕಲ್ ಎಂದಳು ಭಾರ್ಗವಿ. ಅದನ್ನೂ ಮಾಡಿದೆ.